ಸೆಕೆಂಡಿಗೆ ಆರು ಅಲೆ

ಪೇಸ್ಟಕ್ಕನಿಗೆ ಸೇಡು ತೀರಿಸಿಕೊಳ್ಳುವ ಅವಕಾಶ ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಗಾಲಿಕುರ್ಚಿಯಲ್ಲಿ ಕೂತು ಬಂತು. ಹಿಂದಿನಿಂದ ತಳ್ಳುತ್ತಿದ್ದವಳು ಕುರ್ಚಿಯಲ್ಲಿದ್ದ ಮುದುಕರ ಮಗಳು. ಅವಳ ಕೈಯಲ್ಲಿ ದಪ್ಪ ಫೈಲು, ಹೆಗಲಲ್ಲಿ ಮಾತ್ರೆ, ನೀರು, ಟವೆಲ್ಲು ತುಂಬಿದ ಬ್ಯಾಗು, ಕಣ್ಣಿನ ಕೆಳಗೆ ಅಂಗೈಯಗಲ ಕಪ್ಪು.

ಪೇಸ್ಟಕ್ಕ ಎನ್ನುವುದು ಆಸ್ಪತ್ರೆಯವರು ಇಟ್ಟ ಹೆಸರು. ಮಿದುಳಿನ ವಿದ್ಯುತ್ತನ್ನು ಅಳೆಯುವ ಇಇಜಿ ಕೋಣೆ ಅವಳದು. ದಿನಕ್ಕೆ ಆರೇಳು ತಲೆಗಳಿಗೆ ಇಪ್ಪತ್ತೊಂದು ತಂತಿ ಅಂಟಿಸುವುದು, ಮಿದುಳಿನ ಅಲೆಗಳು ಪರದೆಯ ಮೇಲೆ ಗೆರೆಗಳಾಗಿ ಹರಿಯುವುದನ್ನು ಕೂತು ಕಾಯುವುದು, ಆಮೇಲೆ ತಂತಿ ಕಿತ್ತು ಕೂದಲು ಒರೆಸಿ ಕಳಿಸುವುದು. ಅಂಟಿಸುವ ಬಿಳಿ ಪೇಸ್ಟು ಅವಳ ಉಗುರಿನ ಸಂದಿಯಲ್ಲಿ, ಕನ್ನಡಕದ ಕಡ್ಡಿಯ ಮೇಲೆ, ಊಟದ ಡಬ್ಬಿಯ ಮುಚ್ಚಳದ ಮೇಲೆ, ಎಲ್ಲೆಂದರಲ್ಲಿ ಇರುತ್ತಿತ್ತು. ಆ ಹೆಸರಿಗೆ ಅವಳೇನೂ ಬೇಜಾರು ಮಾಡಿಕೊಂಡವಳಲ್ಲ. ಅದಕ್ಕಿಂತ ಕೆಟ್ಟ ಹೆಸರು ಹೊತ್ತು ಆರು ವರ್ಷ ಮನೆಯಲ್ಲಿ ಕೂತಿದ್ದವಳು ಅವಳು. ಆ ಕೆಟ್ಟ ಹೆಸರನ್ನು ಹೊರಿಸಿದವರೇ ಈ ಗಾಲಿಕುರ್ಚಿಯವರು.

ಹತ್ತೊಂಬತ್ತು ವರ್ಷದ ಹಿಂದೆ, ಬೇರೊಂದು ಆಸ್ಪತ್ರೆಯಲ್ಲಿ, ಅವರು ಇಂಥದೇ ಕೋಣೆಯ ಮುಖ್ಯಸ್ಥರಾಗಿದ್ದರು. ಇವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಅಲ್ಲಿ ಇನ್ನೂ ಕಾಗದದ ಯಂತ್ರವಿತ್ತು. ಸಾಲಾಗಿ ಕೂತ ಪೆನ್ನುಗಳು ಓಡುವ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದವು, ಶಾಯಿ ಸಿಡಿದು ಅವರ ಅಂಗಿಯ ತೋಳು ಯಾವಾಗಲೂ ನೀಲಿಯಾಗಿರುತ್ತಿತ್ತು. ಎಲ್ಲರೂ ಅವರನ್ನು ಶಾಯಿ ಮೇಷ್ಟ್ರು ಎನ್ನುತ್ತಿದ್ದರು. ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಪೇಸ್ಟಕ್ಕ ಹಲ್ಲು ಕಡಿದುಕೊಂಡಾದರೂ ಒಪ್ಪುತ್ತಾಳೆ.

ಒಂದು ಮಧ್ಯಾಹ್ನ ಫಿಟ್ಸ್ ಬರುತ್ತಿದ್ದ ಏಳು ವರ್ಷದ ಮಗುವೊಂದನ್ನು ಮಲಗಿಸಿ ಉದ್ದದ ರೆಕಾರ್ಡಿಂಗ್ ನಡೆದಿತ್ತು. ಅಂಥ ಹೊತ್ತಿನಲ್ಲಿ ಒಬ್ಬರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಪಕ್ಕದಲ್ಲಿ ಕೂತಿರಬೇಕು. ಕೂತವರು ಕಾಗದದ ಅಂಚಿನಲ್ಲಿ ತಮ್ಮ ಹೆಸರಿನ ಎರಡಕ್ಷರದ ಗುರುತು ಹಾಕಬೇಕು. ಆವತ್ತು ಕೂತವರು ಮೇಷ್ಟ್ರು. ಕಾಗದದ ಹೊಸ ಕಟ್ಟು ತರಲು ಅವಳನ್ನು ಉಗ್ರಾಣಕ್ಕೆ ಕಳಿಸಿದ್ದರು. ಅವಳು ಕಾಲು ಗಂಟೆ ಬಿಟ್ಟು ಬಂದಾಗ ಪೆನ್ನುಗಳು ಹುಚ್ಚೆದ್ದು ಕುಣಿಯುತ್ತಿದ್ದವು, ಮಗುವಿನ ತುಟಿ ನೀಲಿಗಟ್ಟಿತ್ತು, ಮೇಷ್ಟ್ರು ಗಲ್ಲಕ್ಕೆ ಕೈ ಕೊಟ್ಟು ಗೊರಕೆ ಹೊಡೆಯುತ್ತಿದ್ದರು. ಅವಳು ಕಿರುಚಿ ಅವರನ್ನು ಎಬ್ಬಿಸಿ ಡಾಕ್ಟರನ್ನು ಕರೆಯಲು ಓಡಿದಳು. ಓಡಿಹೋಗಿ ಬರುವಷ್ಟರಲ್ಲಿ ಕಾಗದದ ಅಂಚಿನಲ್ಲಿ ಅವಳ ಎರಡಕ್ಷರ ಬಂದು ಕೂತಿತ್ತು, ಥೇಟು ಅವಳ ಕೈಬರಹದಲ್ಲಿ.

ಮಗು ಉಳಿಯಿತು, ಅದರ ಮಾತು ಉಳಿಯಲಿಲ್ಲ. ವಿಚಾರಣೆಯಲ್ಲಿ ಅವಳು ಎಷ್ಟು ಬಾಯಿ ಬಡಿದುಕೊಂಡರೂ ಎಲ್ಲರೂ ಕಾಗದವನ್ನು ನಂಬಿದರು. ಮೇಷ್ಟ್ರು ತಲೆ ತಗ್ಗಿಸಿಕೊಂಡು, "ಚಿಕ್ಕವಳು, ಕಣ್ಣು ಹತ್ತಿರಬೇಕು, ದೊಡ್ಡ ಶಿಕ್ಷೆ ಬೇಡ" ಎಂದು ಶಿಫಾರಸು ಬೇರೆ ಮಾಡಿದರು. ಕೆಲಸ ಹೋದದ್ದಕ್ಕಿಂತ, ಮಗುವಿನ ತಾಯಿ ಮುಖಕ್ಕೆ ಉಗಿದದ್ದಕ್ಕಿಂತ, ಆ ಶಿಫಾರಸು ಅವಳನ್ನು ಹೆಚ್ಚು ಸುಟ್ಟಿತು. ಕರುಣೆಯ ಮಾತಾಡುತ್ತಾ ಕುತ್ತಿಗೆ ಕೊಯ್ಯುವವರನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ.

ಈಗ ಅವರಿಗೆ ಒಂಬತ್ತು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ. ಮಾತ್ರೆಯ ಬಲ ಇಳಿದರೆ ಕೈ ನಡುಗುತ್ತದೆ, ಮೈ ಮರಗಟ್ಟುತ್ತದೆ, ಲೋಟ ಹಿಡಿಯಲು ಆಗುವುದಿಲ್ಲ. ತಲೆಯೊಳಗೆ ಸಣ್ಣ ತಂತಿ ಇಳಿಸಿ ಎದೆಯಲ್ಲಿ ಬ್ಯಾಟರಿ ಕೂರಿಸುವ ಆಪರೇಷನ್ ಆದರೆ ನಡುಕ ಹಿಡಿತಕ್ಕೆ ಬಂದೀತು ಎಂದು ಇಲ್ಲಿಗೆ ಬಂದಿದ್ದರು. ಆದರೆ ಬುದ್ಧಿ ಮಂಕಾಗುತ್ತಿರುವವರಿಗೆ ಇಲ್ಲಿ ಆ ಆಪರೇಷನ್ ಮಾಡುವುದಿಲ್ಲ, ಇರುವ ಬುದ್ಧಿಯೂ ಕೈಬಿಟ್ಟೀತೆಂಬ ಭಯ. ನೆನಪಿನ ಪರೀಕ್ಷೆಯಲ್ಲಿ ಮೇಷ್ಟ್ರು ಸರಿಯಾಗಿ ಗಡಿಯ ಮೇಲೆ ನಿಂತಿದ್ದರು. 'ಎಚ್ಚರವಾಗಿದ್ದಾಗ ಅಲೆಗಳು ಎಷ್ಟಿವೆ ನೋಡಿ, ಅದರ ಮೇಲೆ ತೀರ್ಮಾನ' ಎಂದು ದೊಡ್ಡ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು.

ಕಣ್ಣು ಮುಚ್ಚಿ ಎಚ್ಚರವಾಗಿ ಮಲಗಿದ ಆರೋಗ್ಯವಂತರ ಮಿದುಳು ಸೆಕೆಂಡಿಗೆ ಒಂಬತ್ತೋ ಹತ್ತೋ ಅಲೆ ಎಬ್ಬಿಸುತ್ತದೆ. ಮಂಕು ಕವಿಯುತ್ತಿದ್ದರೆ ಅದು ಏಳಕ್ಕೆ, ಆರಕ್ಕೆ ಇಳಿಯಬಹುದು. ತೊಂದರೆಯೆಂದರೆ ನಿದ್ದೆಗೆ ಜಾರುವವರದೂ ಹಾಗೇ ಇಳಿಯುತ್ತದೆ. ಅದಕ್ಕೇ ಪಕ್ಕದಲ್ಲಿ ಕೂತವರು ಮತ್ತೆ ಮತ್ತೆ ಕರೆಯುತ್ತಿರಬೇಕು, ಕಣ್ಣು ಬಿಡಿ, ಮುಚ್ಚಿ, ಇವತ್ತು ಯಾವ ವಾರ ಹೇಳಿ ಎಂದು. ಉತ್ತರ ಬಂದರೆ 'ಎಚ್ಚರ', ಬಾರದಿದ್ದರೆ 'ನಿದ್ದೆ' ಎಂದು ಗೆರೆಗಳ ಕೆಳಗೆ ಗುರುತು ಹಾಕಬೇಕು. ಕರೆಯದೆ ಸುಮ್ಮನಿದ್ದು, ತೂಕಡಿಸಲು ಬಿಟ್ಟು, 'ಎಚ್ಚರ' ಎಂದು ಗುರುತು ಹಾಕಿಬಿಟ್ಟರೆ ಎಂಥ ಚಾಲಾಕಿನ ಮಿದುಳೂ ಮಂಕಾಗಿ ಕಂಡೀತು.

ಪೇಸ್ಟಕ್ಕ ಮಾಡಬೇಕೆಂದಿದ್ದದ್ದು ಅಷ್ಟೇ. ಈ ಕಾಯಿಲೆಯವರು ಹಗಲೇ ತೂಕಡಿಸುವವರು. ಮಂಚದ ಮೇಲೆ ಕ್ಯಾಮೆರಾ, ಮೈಕು ಎರಡೂ ಇವೆ, ನಿಜ. ಆದರೆ ಈ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿಸುವುದೇ ಪದ್ಧತಿ, ಮೇಲಾಗಿ ಈ ಕಾಯಿಲೆಯವರ ಮುಖ ಎಚ್ಚರದಲ್ಲೂ ಗೋಡೆಯ ಹಾಗೆ ಇರುತ್ತದೆ. ಇನ್ನು ದೊಡ್ಡ ಡಾಕ್ಟರು ಅವಳ ಗುರುತನ್ನು ಕಣ್ಣು ಮುಚ್ಚಿ ನಂಬುತ್ತಾರೆ, ಹದಿಮೂರು ವರ್ಷದಲ್ಲಿ ಅದು ಒಮ್ಮೆಯೂ ತಪ್ಪಿಲ್ಲ. ಇಷ್ಟು ವರ್ಷದ ಪ್ರಾಮಾಣಿಕತೆಯೆಲ್ಲ ಈ ಒಂದು ಸುಳ್ಳಿಗಾಗಿ ಕೂಡಿಟ್ಟದ್ದು ಎಂದು ಅವಳಿಗೆ ಅನ್ನಿಸಿತು. ನಾಚಿಕೆಯೇನೂ ಆಗಲಿಲ್ಲ.

"ಮೇಡಂ, ನಮ್ಮಪ್ಪನೂ ಇದೇ ಕೆಲಸದಲ್ಲಿದ್ರು," ಎಂದಳು ಮಗಳು, ಮೇಷ್ಟ್ರನ್ನು ಮಂಚಕ್ಕೆ ಸಾಗಿಸುತ್ತಾ.

"ಹೌದಾ?" ಎಂದಳು ಪೇಸ್ಟಕ್ಕ. ಮುಖದ ಮೇಲೆ ಮಾಸ್ಕ್ ಇತ್ತು, ಒಳ್ಳೆಯದಾಯಿತು.

"ಭಾರಿ ಶಿಸ್ತು. ಯಾರೋ ಒಬ್ಳು ಕೈಕೆಳಗಿನವಳು ಡ್ಯೂಟಿಲಿ ನಿದ್ದೆ ಹೊಡೆದು ಒಂದು ಮಗೂನ ಹಾಳು ಮಾಡಿದ್ಳಂತೆ. ಇವತ್ತಿಗೂ ಅಪ್ಪ ಅದನ್ನ ನೆನೆಸ್ಕೊಂಡ್ರೆ ಊಟ ಬಿಡ್ತಾರೆ."

"ಪಾಪ," ಎಂದಳು ಪೇಸ್ಟಕ್ಕ. "ನೀವು ಹೊರಗೆ ಕೂತಿರಿ. ಒಂದು ಗಂಟೆ ಆಗತ್ತೆ."

ಟೇಪು ಹಿಡಿದು ತಲೆ ಅಳೆದಳು, ಪೆನ್ಸಿಲಿನಲ್ಲಿ ಚುಕ್ಕೆ ಇಟ್ಟಳು, ಚುಕ್ಕೆ ಇಟ್ಟಲ್ಲೆಲ್ಲ ಮರಳು ಮರಳಾದ ಜೆಲ್ ಹಾಕಿ ಚರ್ಮ ಉಜ್ಜಿದಳು. ಬೇಕಾದ್ದಕ್ಕಿಂತ ಒಂದಿಷ್ಟು ಜೋರಾಗಿಯೇ ಉಜ್ಜಿದಳು. ಇಪ್ಪತ್ತೊಂದು ತಂತಿ ತಲೆಗೆ, ಒಂದು ಮಣಿಕಟ್ಟಿಗೆ. ಕೈ ನಡುಗಿದರೆ ಅದರ ಕುಣಿತವೂ ಗೆರೆಗಳಲ್ಲಿ ಸೇರಿಕೊಂಡು ಮಿದುಳಿನ ಅಲೆಯಂತೆ ಕಂಡುಬಿಡುತ್ತದೆ, ಅದನ್ನು ಬೇರೆ ಮಾಡಿ ನೋಡಲು ಆ ತಂತಿ. ಹತ್ತು ಗಂಟೆಗೆ ಮಾತ್ರೆ ನುಂಗಿದ್ದರಿಂದ ಕೈ ತೆಪ್ಪಗಿತ್ತು. ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ಮನಸ್ಸಿನಲ್ಲಿ ಹತ್ತೊಂಬತ್ತು ವರ್ಷ ಅವರನ್ನು ಏಕವಚನದಲ್ಲಿ ಬೈದವಳ ಬಾಯಿಂದ ಹೊರಟದ್ದು, "ಕಣ್ಣು ಮುಚ್ಕೊಳ್ಳಿ ಸಾರ್."

ಅವರು ಮುಚ್ಚಿದರು. ಅವಳು ದೀಪ ಸಣ್ಣದು ಮಾಡಿ, ಮಂಚದ ಕಾಲ ಬದಿಯ ಪರದೆಯ ಮುಂದೆ ಕೂತು, ಬಾಯಿಗೆ ಬೀಗ ಹಾಕಿಕೊಂಡಳು.

ಮೂರು ನಿಮಿಷ ಕಳೆಯಿತು. ಗೆರೆಗಳು ಅಗಲವಾಗಿ, ಸೋಮಾರಿಯಾಗಿ ಹರಿಯತೊಡಗಿದವು. ಅವಳು ಎಣಿಸಿದಳು. ಏಳು. ಇನ್ನೊಂದು ಕಡೆ ಎಣಿಸಿದಳು. ಆರು. ಐದು ನಿಮಿಷವಾಯಿತು, ಏಳಾಯಿತು. ಆರು, ಆರು, ಆರು. ಹಾಲು ಕುಡಿದಷ್ಟು ಸಂತೋಷವಾಯಿತು ಅವಳಿಗೆ. ಮಲಗು ಮುದುಕಪ್ಪಾ, ಆವತ್ತು ಮಲಗಿದ ಹಾಗೆಯೇ ಮಲಗು, ಆವತ್ತಿನ ನಿದ್ದೆಗೆ ನಾನು ತೆತ್ತೆ, ಇವತ್ತಿನದಕ್ಕೆ ನೀನು ತೆರು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ, ಗೆರೆಗಳ ಕೆಳಗೆ 'ಎಚ್ಚರ' ಎಂದು ಒತ್ತಿದಳು.

"ನೀನು ಕರೀಲೇ ಇಲ್ಲ."

ಅವಳು ಮಂಚದ ಕಡೆ ತಿರುಗಿದಳು. ಮೇಷ್ಟ್ರ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ದನಿ ತೀರಾ ಸಣ್ಣದು, ಈ ಕಾಯಿಲೆ ಗಂಟಲನ್ನೂ ಬಿಡುವುದಿಲ್ಲ.

"ಎದ್ರಾ ಸಾರ್?"

"ಮಲಗಿದ್ರೆ ತಾನೇ ಏಳೋದು. ಗಡಿಯಾರದ ಸದ್ದು ಎಣಿಸ್ತಾ ಇದ್ದೆ. ಮುನ್ನೂರಾದ ಮೇಲೆ ಲೆಕ್ಕ ತಪ್ತು, ಮತ್ತೆ ಒಂದರಿಂದ ಹಿಡಿದೆ."

"ನಾನು ಯಾರು ಗೊತ್ತಾ?"

"ಟೇಪು ಹಿಡಿದಾಗಲೇ ಗೊತ್ತಾಯ್ತು. ಎಲ್ಲರೂ ಮೂಗಿನ ಕಡೆಯಿಂದ ಅಳೀತಾರೆ. ತಲೆ ಹಿಂದಿನಿಂದ ಅಳೆಯೋದು ನಾನು ಕಲಿಸಿದವರು ಮಾತ್ರ."

"ಗೊತ್ತಿದ್ದೂ ಸುಮ್ನೆ ಮಲಗಿದ್ರಾ?"

"ಮೇಲೆದ್ದು ಬೇರೆಯವರನ್ನ ಕರೆಸಿ ಅಂದ್ರೆ ಮಗಳಿಗೆ ಕಾರಣ ಹೇಳಬೇಕಾಗತ್ತೆ." ಸ್ವಲ್ಪ ಉಸಿರು ತೆಗೆದುಕೊಂಡರು. "ನೀನು ಕರೀದೆ ಬಿಡ್ತೀಯ ಅಂತ ಗೊತ್ತಿತ್ತು. ನಿದ್ದೆ ಹತ್ತಿಸ್ಕೊಳ್ದೇ ಇದ್ರೆ ನಿನ್ನ ಆಟ ನಡೆಯಲ್ಲ ಅಂದ್ಕೊಂಡೆ. ಮೂರು ಸಲ ನಾಲಿಗೆ ಕಚ್ಕೊಂಡೆ. ಈಗ ಹೇಳು, ಎಷ್ಟಿದೆ?"

ಪೇಸ್ಟಕ್ಕನಿಗೆ ಆಗ ತಿಳಿಯಿತು. ಅವರು ನಿದ್ದೆ ಮಾಡಿರಲೇ ಇಲ್ಲ. ಸುಳ್ಳೆಂದು ಅವಳು ಒತ್ತಿದ 'ಎಚ್ಚರ' ಅಪ್ಪಟ ನಿಜವಾಗಿತ್ತು. ಅವಳು ಕದಿಯಲು ಹೊರಟದ್ದನ್ನು ಕಾಯಿಲೆ ಎಂದೋ ಕದ್ದುಕೊಂಡು ಹೋಗಿತ್ತು.

ಅವಳು ಪರದೆಯನ್ನು ಅವರ ಕಡೆ ತಿರುಗಿಸಿದಳು. "ನೀವೇ ಎಣಿಸ್ಕೊಳ್ಳಿ ಸಾರ್."

ಮೇಷ್ಟ್ರು ಕಣ್ಣು ಬಿಟ್ಟರು. ಬೆರಳೆತ್ತಿ, ಒಂದು ಸೆಕೆಂಡಿನ ಗೆರೆಯಿಂದ ಇನ್ನೊಂದು ಸೆಕೆಂಡಿನ ಗೆರೆಯವರೆಗೆ ಗಾಳಿಯಲ್ಲೇ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಬೇರೆಯವರಾಗಿದ್ದರೆ ಮುಖ ಬಾಡುತ್ತಿತ್ತು. ಇವರ ಮುಖಕ್ಕೆ ಬಾಡುವ ಶಕ್ತಿಯೂ ಇರಲಿಲ್ಲ, ಬೆರಳು ಮಾತ್ರ ಕೆಳಗಿಳಿಯಿತು.

"ಕೈ ನಡುಕ ಸೇರ್ಕೊಂಡಿದೆ."

"ಕೈ ತಂತಿ ಕೊನೇ ಗೆರೆ. ನೋಡಿ, ನೆಟ್ಟಗಿದೆ."

"ಪೇಸ್ಟು ಒಣಗಿರಬೇಕು."

"ಇಪ್ಪತ್ತೊಂದೂ ಕಡೆ ಒಟ್ಟಿಗೇ ಒಣಗತ್ತಾ ಸಾರ್?"

ಆ ಬೆಳಿಗ್ಗೆ ಮೊದಲ ಸಲ ಅವಳು ಪದ್ಧತಿಯಂತೆ ಕೆಲಸ ಮಾಡಿದಳು. ಕಣ್ಣು ಮುಚ್ಚಿಸಿ ವಾರ ಕೇಳಿದಳು, ಹೇಳಿದರು. ತಿಂಗಳು ಕೇಳಿದಳು, ಯೋಚಿಸಿ ಹೇಳಿದರು. ಮಗಳಿಗೆ ಎಷ್ಟು ವಯಸ್ಸು ಎಂದಳು, ಅದನ್ನೂ ಹೇಳಿದರು. ಮೂರು ಸಲ ಕರೆದಳು, ಮೂರು ಸಲವೂ ಉತ್ತರ ಬಂತು, ಪ್ರತಿ ಉತ್ತರದ ನಂತರ ಗೆರೆಗಳು ಮತ್ತೆ ಆರಕ್ಕೇ ಬಂದು ನಿಂತವು.

"ನಿದ್ದೆ ಅಂತ ಬರಿ," ಎಂದರು ಮೇಷ್ಟ್ರು.

"ಏನಂದ್ರಿ?"

"ನಿದ್ದೆ ಅಂತ ಬರೀಮ್ಮ. ಒಂದೇ ಪದ. ನಿದ್ದೆ ಅಂದ್ರೆ ಈ ಅಲೆಗಳನ್ನ ಲೆಕ್ಕಕ್ಕೆ ಹಿಡಿಯಲ್ಲ. ಮತ್ತೆ ಒಂದು ತಿಂಗಳು ಬಿಟ್ಟು ಮಾಡಿಸ್ತಾರೆ, ಅಷ್ಟರಲ್ಲಿ ಮಾತ್ರೆ ಬದಲಾಯಿಸ್ಕೊಂಡು ಹೇಗೋ... ನನಗೋಸ್ಕರ ಅಲ್ಲ. ಮಗಳು ನನಗೆ ತುತ್ತು ತಿನ್ನಿಸಿ ತಾನು ತಣ್ಣಗಿರೋದು ತಿಂತಾಳೆ. ಮದುವೆ ಮಾಡ್ಕೊಂಡಿಲ್ಲ. ಕೈ ಒಂದು ನಿಂತ್ರೆ ಅವಳಿಗೆ ಬಿಡುಗಡೆ."

ಸುಳ್ಳು ಗುರುತು ಹಾಕು ಎಂದು ಅವಳನ್ನೇ ಕೇಳುತ್ತಿದ್ದಾರಲ್ಲ! ಪೇಸ್ಟಕ್ಕನಿಗೆ ನಗು ಬಂತು, ಮಾಸ್ಕಿನೊಳಗೇ ನಕ್ಕಳು. ನಕ್ಕ ಮೇಲೆ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡು ಕೂತಳು.

"ಆವತ್ತು ನಿದ್ದೆ ಮಾಡಿದ್ದು ಯಾರು ಸಾರ್?"

ಮೇಷ್ಟ್ರ ಕಣ್ಣು ಮೇಲೆ ಹೋಯಿತು. "ಮೈಕ್ ಇದೆ."

"ಇದೆ. ಅದಕ್ಕೇ ಕೇಳ್ತಿರೋದು."

"ಹೇಳಿದ್ರೆ ನಿದ್ದೆ ಅಂತ ಬರೀತೀಯಾ?"

"ಮೊದಲು ಹೇಳಿ."

ಮೇಷ್ಟ್ರು ಮತ್ತೊಮ್ಮೆ ಮೈಕಿನ ಕಡೆ ನೋಡಿದರು. ಆಮೇಲೆ ಹೇಳಿದರು. ದನಿ ಸಣ್ಣದಾದರೂ ಒಂದೊಂದು ಪದವೂ ಸ್ಪಷ್ಟವಾಗಿತ್ತು. "ಆವತ್ತು ನಿದ್ದೆ ಮಾಡಿದ್ದು ನಾನು. ನೀನು ಉಗ್ರಾಣಕ್ಕೆ ಹೋಗಿದ್ದೆ, ನಾನೇ ಕಳಿಸಿದ್ದು. ನೀನು ಡಾಕ್ಟರನ್ನ ಕರೆಯೋಕೆ ಓಡಿದಾಗ ನಿನ್ನ ಅಕ್ಷರ ಬರೆದದ್ದೂ ನಾನೇ. ಆಗ ನನ್ನ ಕೈ ನಡುಗ್ತಿರಲಿಲ್ಲ."

ಪೇಸ್ಟಕ್ಕ ಎದ್ದು ಪರದೆಯ ಮುಂದೆ ಹೋಗಿ ಕೂತಳು. ಅವಳ ತಲೆ ಚುರುಕಾಗಿ ಓಡುತ್ತಿತ್ತು. 'ನಿದ್ದೆ' ಎಂದು ಬರೆದರೆ ಈ ಮಾತು ನಿದ್ದೆಗಣ್ಣಿನ ಬಡಬಡಿಕೆಯಾಗುತ್ತದೆ. 'ಎಚ್ಚರ' ಎಂದು ಬರೆದರೆ ಇದು ಎಚ್ಚರವಿದ್ದವರ ಮಾತು, ಆಪರೇಷನ್ನೂ ಇಲ್ಲ. ಒಂದೇ ಪದಕ್ಕೆ ಎರಡೂ ದಕ್ಕುತ್ತಿದ್ದವು. ಅವಳು ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಮೊದಲಿನಿಂದ ಕೊನೆಯವರೆಗೆ, ಮೇಷ್ಟ್ರು ನೋಡುತ್ತಿರುವಂತೆಯೇ, ಒತ್ತುತ್ತಾ ಹೋದಳು. ಎಚ್ಚರ. ಎಚ್ಚರ, ಪ್ರಶ್ನೆಗೆ ಉತ್ತರಿಸಿದರು. ಎಚ್ಚರ, ಸ್ಪಷ್ಟವಾಗಿ ಮಾತಾಡಿದರು.

"ಬರೀತೀನಿ ಅಂದೆಯಲ್ಲಮ್ಮ," ಎಂದರು ಅವರು.

"ನಾನು ಹಾಗಂದಿಲ್ಲ ಸಾರ್. ಬೇಕಾದ್ರೆ ಮೈಕ್ ಕೇಳಿ," ಎಂದು ಅವಳು ತಂತಿಗಳನ್ನು ಒಂದೊಂದಾಗಿ ಕೀಳತೊಡಗಿದಳು.

ಮಧ್ಯಾಹ್ನ ಮೂರಕ್ಕೆ ದೊಡ್ಡ ಡಾಕ್ಟರು ಅವಳನ್ನು ಕರೆಸಿದರು. ಅಪ್ಪ ಮಗಳು ಅಲ್ಲೇ ಕೂತಿದ್ದರು. ಡಾಕ್ಟರು ಗೆರೆಗಳನ್ನಷ್ಟೇ ನೋಡಿದ್ದರು. ದನಿ ಕೇಳುವಷ್ಟು ಪುರುಸೊತ್ತು ಅವರಿಗೆ ಯಾವತ್ತೂ ಇರುವುದಿಲ್ಲ.

"ಎಚ್ಚರವಾಗಿದ್ರು ಅನ್ನೋದು ಖಚಿತ ತಾನೇ?"

"ಖಚಿತ ಡಾಕ್ಟರ್. ನನ್ನ ಎದುರಿಗೇ ಮಾತಾಡಿದ್ದಾರೆ."

ಡಾಕ್ಟರು ಮಗಳ ಕಡೆ ತಿರುಗಿದರು. "ಮಿದುಳಿನ ಓಟ ನಿಧಾನವಾಗಿದೆ ಕಣಮ್ಮ. ನೆನಪಿನ ಪರೀಕ್ಷೆ ಜೊತೆ ಇಟ್ಟು ನೋಡಿದ್ರೆ ಆಪರೇಷನ್ ಬೇಡ ಅಂತಲೇ ನನ್ನ ಅಭಿಪ್ರಾಯ. ಇನ್ನು ಮುಂದೆ ಸ್ವಲ್ಪ ಹುಷಾರಾಗಿರಿ. ಅವರು ಹೇಳಿದ್ದನ್ನೆಲ್ಲ ಹಾಗೇ ನಂಬಬೇಡಿ. ಹಳೇದು ಹೊಸದು ಕಲಸಿಹೋಗತ್ತೆ, ಆಗದೇ ಇದ್ದದ್ದೂ ಆದ ಹಾಗೆ ಅನ್ನಿಸತ್ತೆ. ವಾದ ಮಾಡೋಕೆ ಹೋಗಬೇಡಿ, ಹೂಂ ಅಂದುಬಿಡಿ."

ಪೇಸ್ಟಕ್ಕ ಆ ಮಾತನ್ನು ಕೇಳಿದಳು, ಆದರೆ ಗೆದ್ದ ಅಮಲಿನಲ್ಲಿ ಅದು ಅವಳ ತಲೆಗೆ ಹೋಗಲಿಲ್ಲ. ಮಗಳು ಕುರ್ಚಿ ತಳ್ಳಿಕೊಂಡು ಅವಳ ಹಿಂದೆಯೇ ಇಇಜಿ ಕೋಣೆಗೆ ಬಂದಳು.

"ಮೇಡಂ, ಇನ್ನೊಂದು ಸಲ ಮಾಡೋಕಾಗಲ್ವಾ? ಹಗಲೆಲ್ಲ ತೂಕಡಿಸ್ತಾರೆ, ನಿದ್ದೆ ಹತ್ತಿರಬಹುದು..."

"ಹತ್ತಿರಲಿಲ್ಲ. ಬೇಕಾದ್ರೆ ನೀವೇ ಕೇಳಿ."

ರೋಗಿಯ ಕಡೆಯವರಿಗೆ ಕೇಳಿಸುವಂತಿಲ್ಲ, ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಆದರೂ ಮೇಷ್ಟ್ರು ತಪ್ಪೊಪ್ಪಿಕೊಂಡ ತುಣುಕನ್ನು ಹಾಕಿದಳು. ಶಿಸ್ತಿನ ಅಪ್ಪನ ಮಗಳು ಕೇಳಲಿ, ಕೇಳಿ ಕುಸಿಯಲಿ ಎಂದೇ ಹಾಕಿದಳು. ಮೇಷ್ಟ್ರ ಸಣ್ಣ ದನಿ ಸ್ಪೀಕರಿನಲ್ಲಿ ದೊಡ್ಡದಾಗಿ ಬಂತು. ಆವತ್ತು ನಿದ್ದೆ ಮಾಡಿದ್ದು ನಾನು. ನಿನ್ನ ಅಕ್ಷರ ಬರೆದದ್ದೂ ನಾನೇ.

ಮಗಳು ಪೂರ್ತಿ ಕೇಳಿದಳು. ಪೇಸ್ಟಕ್ಕನ ಮುಖ ನೋಡಿದಳು, ಮಾಸ್ಕ್ ಈಗ ಗಲ್ಲದ ಕೆಳಗಿತ್ತು. "ಓ, ಅದು ನೀವೇನಾ?" ಎಂದಳು.

"ನಾನೇ."

ಮಗಳ ಕಣ್ಣಲ್ಲಿ ನೀರು ತುಂಬಿತು. ಪೇಸ್ಟಕ್ಕ ಕಾದಳು. ಹತ್ತೊಂಬತ್ತು ವರ್ಷ ಕಾದವಳಿಗೆ ಇನ್ನೊಂದು ನಿಮಿಷ ದೊಡ್ಡದಲ್ಲ.

"ನೋಡಿ, ಎಷ್ಟು ಕೆಟ್ಟುಹೋಗಿದೆ ಅಪ್ಪನ ತಲೆ," ಎಂದಳು ಮಗಳು, ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಾ. "ಡಾಕ್ಟರು ಹೇಳಿದ್ದು ನಿಜ. ಆ ಮಗೂನ ನೆನೆಸ್ಕೊಂಡೂ ನೆನೆಸ್ಕೊಂಡೂ ತಪ್ಪೆಲ್ಲ ತಮ್ಮದೇ ಅಂದ್ಕೊಂಡುಬಿಟ್ಟಿದ್ದಾರೆ."

"ಅದು ನಿಜ ಪುಟ್ಟಿ," ಎಂದರು ಮೇಷ್ಟ್ರು ಕುರ್ಚಿಯಿಂದ.

"ಹೂಂ ಅಪ್ಪ, ನಿಜ," ಎಂದಳು ಮಗಳು, ಅವರ ಕಾಲರಿಗೆ ಅಂಟಿದ್ದ ಪೇಸ್ಟು ಒರೆಸುತ್ತಾ.

"ನಾನೇ ಬರೆದದ್ದು. ನಿಜವಾಗ್ಲೂ."

"ಹೂಂ, ನೀವೇ ಬರೆದದ್ದು. ಮಾತ್ರೆ ಹೊತ್ತಾಯ್ತು, ಮನೆಗೆ ಹೋಗೋಣ ಬನ್ನಿ." ಆಮೇಲೆ ಪೇಸ್ಟಕ್ಕನ ಕೈ ಹಿಡಿದುಕೊಂಡಳು. ಆ ಕೈ ಬೆಚ್ಚಗಿತ್ತು, ಒರಟಾಗಿತ್ತು. "ನೀವು ಕಾಯಿಲೆಯವರ ಬಾಯಲ್ಲಿ ಇದನ್ನ ಹೇಳಿಸಬಾರದಿತ್ತು ಅಕ್ಕ. ಆದ್ರೂ ನನಗೆ ಕೋಪ ಇಲ್ಲ. ಆಗ ಚಿಕ್ಕವರಿದ್ರಿ, ಕಣ್ಣು ಹತ್ತಿರಬೇಕು. ನಾವು ನಿಮ್ಮನ್ನ ಎಂದೋ ಕ್ಷಮಿಸಿದೀವಿ."

ಹೀಗೆಂದು ಕುರ್ಚಿ ತಿರುಗಿಸಿಕೊಂಡು ಹೊರಟೇಹೋದಳು.

ಪೇಸ್ಟಕ್ಕನಿಗೆ ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಯಿಬಿಟ್ಟು ನಿಜ ಹೇಳಿದರೂ ಎದುರಿನವರು ತಲೆ ಸವರಿ ಕಳಿಸುವುದು ಎಂಥ ನರಕ ಎಂದು ಮೇಷ್ಟ್ರಿಗೆ ಇನ್ನು ದಿನಾ ಗೊತ್ತಾಗುತ್ತದಲ್ಲ, ಅದಕ್ಕೆ ಅವಳ ಹೊಟ್ಟೆ ತಣ್ಣಗಾಯಿತು. ಆದರೆ ಕ್ಷಮಿಸಿದೀವಿ ಎಂಬ ಮಾತು ಗಂಟಲಲ್ಲಿ ಮುಳ್ಳಿನಂತೆ ನಿಂತಿತು. ನುಂಗಲು ನೋಡಿದಳು, ಆಗಲಿಲ್ಲ. ಬಾಗಿಲು ತಳ್ಳಿ ಕಾರಿಡಾರಿಗೆ ಓಡಿದಳು.

"ನಾನು ಉಗ್ರಾಣಕ್ಕೆ ಹೋಗಿದ್ದೆ!" ಎಂದು ಕಿರುಚಿದಳು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದವರೆಲ್ಲ ತಲೆಯೆತ್ತಿದರು. ನರ್ಸೊಬ್ಬಳು ಟ್ರೇ ಹಿಡಿದು ನಿಂತುಬಿಟ್ಟಳು. "ನಾನು ನಿದ್ದೆ ಮಾಡಿರಲಿಲ್ಲ! ಉಗ್ರಾಣಕ್ಕೆ ಹೋಗಿದ್ದೆ!"

ಮಗಳು ತಿರುಗಿ ನೋಡಲಿಲ್ಲ, ಹೆಜ್ಜೆ ಮಾತ್ರ ಬಿರುಸು ಮಾಡಿದಳು. ಮೇಷ್ಟ್ರ ಕತ್ತು ಬಿಗಿದಿತ್ತು, ಅವರಿಗೆ ತಿರುಗಲು ಬರಲಿಲ್ಲ. ಕುರ್ಚಿಯ ಪಕ್ಕದಲ್ಲಿ ನಡುಗುವ ಒಂದು ಕೈ ಮೇಲೆದ್ದು, ಹೌದು ಹೌದು ಎನ್ನುವಂತೆ ಅಲ್ಲಾಡಿತು. ಇಡೀ ಕಾರಿಡಾರಿನಲ್ಲಿ ಅವಳ ಮಾತು ನಿಜವೆಂದು ಬಲ್ಲವರು ಅವರೊಬ್ಬರೇ. ಅವರ ಮಾತನ್ನು ಇನ್ನು ಯಾರೂ ನಂಬಬೇಕಾಗಿಲ್ಲವೆಂದು, ಆವತ್ತು ಬೆಳಿಗ್ಗೆ ತಾನೇ, ಎಚ್ಚರ ಎಚ್ಚರ ಎಂದು ಒಂದೊಂದಾಗಿ ಒತ್ತಿ ಬರೆದುಕೊಟ್ಟವಳು ಅವಳೇ.